ಚಂದ್ರನ ತೂಬು

ಕುಳಿಯ ಅಂಚಿನಲ್ಲಿ ನಿಂತ ನೂರಿಪ್ಪತ್ತು ಕನ್ನಡಿಗಳು ಒಮ್ಮೆಗೇ ಹೊರಳಿ, ಎಂದೂ ಬಿಸಿಲು ಕಾಣದ ಆ ಚಂದ್ರನ ಹೊಂಡದೊಳಕ್ಕೆ ಸೂರ್ಯನನ್ನು ಇಳಿಸಿದವು. ತಳದ ಮಂಜುಗಡ್ಡೆ ಕರಗುವ ಗೋಜಿಗೂ ಹೋಗದೆ ನೇರ ಆವಿಯಾಗಿ, ಮೇಲೆ ಹೊದಿಸಿದ ಗುಡಾರಕ್ಕೆ ತಾಗಿ, ತಣಿದು, ನೀರಾಗಿ ತೊಟ್ಟಿಗೆ ಹರಿಯಿತು. ಒಂದು ವರ್ಷದ ನೀರು ಎಂಟೇ ದಿನದಲ್ಲಿ! ಇದನ್ನು ಕಂಡುಹಿಡಿದ ಡಾಕ್ಟರ್ ಪ್ರಫುಲ್ಲ ದೇಸಾಯಿ ಹಿಗ್ಗಿ ಹೀರೇಕಾಯಿಯಾಗಿದ್ದ.

ತೊಟ್ಟಿಯ ಕವಾಟ ಮಾತ್ರ ಮುನಿರತ್ನಮ್ಮನ ಕೈಯಲ್ಲಿತ್ತು. ನಾನೂರು ಜನರ ಆ ಚಂದ್ರನೆಲೆಗೆ ನೀರು ಹಂಚುವವಳು ಅವಳೇ. ಅವಳ ಮುತ್ತಜ್ಜ ಕೋಲಾರದ ಕಡೆಯ ನೀರುಗಂಟಿ; ಈಗ ಬತ್ತಿರುವ ಕೆರೆಯೊಂದರ ತೂಬು ತೆಗೆದು ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದವನು. ಹಾಗಾಗಿ ಇಲ್ಲಿನ ಕವಾಟವನ್ನೂ ಅವಳು ತೂಬು ಎಂದೇ ಕರೆದಳು, ಉಳಿದವರಿಗೂ ಅದೇ ರೂಢಿಯಾಯಿತು.

"ತೂಬು ತೆಗೀರಿ ಮುನಿರತ್ನಮ್ಮಾರ. ಭೂಮಿಯಿಂದ ಆದೇಶ ಬಂದದ. ಅಲ್ಲಿ ಗಣಿ ಎಲ್ಲಾ ಬರಿದಾಗ್ಯಾವ. ಈ ನೀರನ್ನ ಜಲಜನಕ, ಆಮ್ಲಜನಕ ಅಂತ ಒಡೆದು ಬಾಹ್ಯಾಕಾಶದ ಹಡಗಿಗೆ ಇಂಧನ ಮಾಡಬೇಕಂತ," ಎಂದ ದೇಸಾಯಿ.

ಅವಳು ಚಕ್ರ ಹಿಡಿದಳು, ತಿರುಗಿಸಲಿಲ್ಲ. "ಹೊಂಡದಾಗಿರೋದು ಎಷ್ಟು ವರ್ಷಕ್ಕಾಯ್ತದೆ ಸಾರ್?"

"ಈ ವೇಗದಾಗ... ಹನ್ನೊಂದು."

ಮುನಿರತ್ನಮ್ಮ ಚಕ್ರದಿಂದ ಕೈ ತೆಗೆದಳು. ಅವಳ ಮಗಳು ಇಲ್ಲೇ ಹುಟ್ಟಿದವಳು. ಚಂದ್ರನ ಹಗುರ ಸೆಳೆತದಲ್ಲಿ ಬೆಳೆದ ಆ ಮೂಳೆಗಳು ಭೂಮಿಯಲ್ಲಿ ಅವಳ ಭಾರ ತಡೆಯಲಾರವು. ನೀರು ಮುಗಿದರೆ ಉಳಿದವರು ಹಿಂದಿರುಗಬಹುದು, ಮಗಳಿಗೆ ಹೋಗಲು ಜಾಗವೇ ಇಲ್ಲ.

"ನಮ್ಮ ಕಡೆ ಒಂದು ಕಟ್ಟಳೆ ಐತೆ," ಎಂದಳು. "ನೀರು ಬೇಕಾದೋರು ತೂಬಿನ ಮುಂದೆ ನಿಂತು, ಯಾಕೆ ಅಂತ ಬಾಯಿಬಿಟ್ಟು ಹೇಳ್ಬೇಕು. ಹೇಳಿ."

"ಕ್ಷುದ್ರಗ್ರಹದಿಂದ ಲೋಹ ತರಲಿಕ್ಕೆ."

"ಲೋಹ ಯಾಕೆ?"

"ಇನ್ನಷ್ಟು ಕನ್ನಡಿ ಮಾಡಲಿಕ್ಕೆ."

"ಕನ್ನಡಿ ಯಾಕೆ?"

"ಇನ್ನೊಂದು ಹೊಂಡದ ನೀರು..." ತಲೆ ತುಂಬ ಗಣಿತ ತುಂಬಿಕೊಂಡ ದೇಸಾಯಿಗೆ, ನೀರು ತೆಗೆಯಲೆಂದೇ ನೀರು ಸುಡುತ್ತಿದ್ದೇವೆ ಎಂಬ ಇಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ.

ಅಷ್ಟರಲ್ಲಿ ಗೋಡೆಯ ಪರದೆಯ ಮೇಲೆ ಭೂಮಿಯ ಎಚ್ಚರಿಕೆ ಮೂಡಿತು: ಈಗಲೇ ಕವಾಟ ತೆಗೆಯದಿದ್ದರೆ ಕೆಲಸದಿಂದ ವಜಾ.

"ಕಿತ್ತಾಕ್ಲಿ!" ಎಂದಳು ಮುನಿರತ್ನಮ್ಮ. "ಬೇರೆಯೋರನ್ನ ಕಳಿಸ್ಲಿ. ಅವರೂ ನನ್ನ ಮುಂದೆ ನಿಂತು ಯಾಕೆ ಅಂತ ಹೇಳ್ಲಿ. ಅಲ್ಲೀಗಂಟ ನಾನು ಕದಲೋಳಲ್ಲ."

ದೇಸಾಯಿ ಕನ್ನಡಿಗಳನ್ನು ಹೊಂಡದಿಂದ ಆಚೆಗೆ ತಿರುಗಿಸಿ, ಅವಳ ಪಕ್ಕಕ್ಕೆ ಬಂದು ನಿಂತ. ಕೇಳಿದ:

"ಇಂಥಾ ಕಟ್ಟಳೆ ಇದ್ದೂ ನಿಮ್ಮ ಕಡೆ ನೀರು ಯಾಕ ಬತ್ತಿತ್ರೀ?"

"ಬೋರ್‌ವೆಲ್ ಬಂತು ಸಾರ್. ಬಟನ್ ಒತ್ತಿದ್ರೆ ಮನೆ ಬಾಗಿಲಿಗೇ ನೀರು. ಯಾಕೆ ಅಂತ ಕೇಳೋರ ಮುಂದೆ ಯಾರೂ ನಿಲ್ಲಬೇಕಾಗಿರ್ಲಿಲ್ಲ."