ಬಣ್ಣ ಹಚ್ಚದ ಚುಕ್ಕೆ

ಬಹಳ ಹಿಂದೆ, ಏಳು ಗುಡ್ಡದಾಚೆ, ಮಣಿಕೋಟೆ ಅಂತೊಂದು ರಾಜ್ಯ. ರಾಜ ನಿದ್ದೆ ಮಾಡುತ್ತಿದ್ದ, ಆಳುತ್ತಿದ್ದವನು ಮಾಂತ್ರಿಕ ಧೂಮಾಕ್ಷ. ಅವನ ನಾಲಿಗೆಗೊಂದು ವರವಿತ್ತು: ಯಾರನ್ನು ಏನೆಂದರೆ ಅವರು ಅದೇ ಆಗಿಬಿಡುತ್ತಿದ್ದರು.

ಕೋಟೆ ಕಟ್ಟುವ ನೂರು ಆಳುಗಳು ಒಂದು ದಿನ ಮಧ್ಯಾಹ್ನದ ಗಂಜಿ ಕೇಳಿದರು. "ನೀವು ಎತ್ತುಗಳು" ಎಂದ ಧೂಮಾಕ್ಷ. ನೂರು ತಲೆಗೂ ಕೋಡು ಮೂಡಿತು. ಎತ್ತು ಗಂಜಿ ಕೇಳುವುದಿಲ್ಲ. ಮನುಷ್ಯರನ್ನು ದನ ಎನ್ನುವವರಿಗೆಲ್ಲ ಬೇಕಾದದ್ದು ಅಷ್ಟೇ.

ಅವರಲ್ಲೊಬ್ಬ ಬರಮ. ಅವನ ಹೆಂಡತಿ ಸಂಕವ್ವ ಮರದ ಬೊಂಬೆ ಮಾಡುವವಳು. ಅವಳ ಮನೆತನದಲ್ಲಿ ಒಂದು ಪದ್ಧತಿ: ಎಂಥ ಬೊಂಬೆಗೂ ಉಗುರಿನಷ್ಟು ಜಾಗ ಬಣ್ಣ ಹಚ್ಚದೆ ಬಿಡಬೇಕು. ಬೊಂಬೆ ಕುದುರೆಯ ಹಾಗಿರಲಿ, ಕುದುರೆಯೇ ಆಗುವುದು ಬೇಡ ಅಂತ.

ಸಂಕವ್ವ ಅರಮನೆಗೆ ಹೋಗಿ ಗಂಡನನ್ನು ಬಿಟ್ಟುಕೊಡು ಎಂದು ಕೇಳಿದಳು. ಧೂಮಾಕ್ಷ ನಕ್ಕ.

"ನೀನು ಕಲ್ಲು" ಎಂದ.

ಪಾದ ತಣ್ಣಗಾಯಿತು, ಮೊಣಕಾಲು ಬಿಗಿಯಿತು. ಅವಳಿಗೆ ತನ್ನ ಬೊಂಬೆಗಳ ಬಣ್ಣ ಹಚ್ಚದ ಚುಕ್ಕೆ ನೆನಪಾಯಿತು. "ಕಲ್ಲಿನ ಹಾಗೆ ಗಟ್ಟಿ, ಒಪ್ಪಿದೆ. ಆದರೆ ಕಲ್ಲು ಅಳುವುದಿಲ್ಲ. ನಾನು ಮೂರು ದಿನದಿಂದ ಅಳುತ್ತಿದ್ದೇನೆ" ಎಂದಳು. ಹೋಲಿಕೆ ಎಲ್ಲಿ ತಪ್ಪಿತೋ ಅಲ್ಲಿಂದ ಮಾಟ ಸೋರಿಹೋಯಿತು. ಕಾಲು ಕಾಲಾಯಿತು.

"ನೀನು ನಾಯಿ" ಎಂದ.

ಬೆನ್ನ ಕೆಳಗೆ ಬಾಲ ಚಿಗುರಿತು. "ನಾಯಿಯ ಹಾಗೆ ವಾಸನೆ ಹಿಡಿದು ಬಂದೆ, ನಿಜ. ಆದರೆ ನಾಯಿ ನೀನು ಎಸೆದದ್ದನ್ನು ತಿನ್ನುತ್ತದೆ. ನಾನು ತಿನ್ನುವುದಿಲ್ಲ." ಬಾಲ ಉದುರಿತು.

ಮೂರನೆಯ ಸಲ, "ನಿನ್ನ ಗಂಡನನ್ನು ನೀನೇ ಹುಡುಕಿಕೋ" ಎಂದು ಅವನು ಅವಳನ್ನು ಕೊಟ್ಟಿಗೆಗೆ ನೂಕಿದ. ನೂರು ಎತ್ತು. ಹಣೆಯ ಗಾಯದ ಗುರುತಿನಿಂದ ಬರಮನನ್ನು ಪತ್ತೆ ಹಿಡಿದಳು. ಅವನು ಹುಲ್ಲು ಮೆಲ್ಲುತ್ತಲೇ ಇದ್ದ, ತಾನು ಎತ್ತೆಂದು ಅವನೇ ನಂಬಿಬಿಟ್ಟಿದ್ದ. ಅವಳ ಎದೆ ಒಡೆಯಿತು.

"ಎತ್ತಿನ ಹಾಗೆ ದುಡಿದೆ ಕಣಯ್ಯಾ" ಎಂದಳು ಕಿವಿಯಲ್ಲಿ. "ಆದರೆ ಯಾವ ಎತ್ತು ಹೆಂಡತಿಯನ್ನು ಬೈದು, ಸಂಜೆಗೆ ಅಚ್ಚು ಬೆಲ್ಲ ತಂದು ಮುಖ ತಿರುಗಿಸಿ ಕೂರುತ್ತದೆ?"

ಎತ್ತು ಮೆಲುಕು ನಿಲ್ಲಿಸಿತು. ಕಣ್ಣು ಬರಮನದಾಯಿತು, ಆಮೇಲೆ ಮುಖ. ಉಳಿದ ತೊಂಬತ್ತೊಂಬತ್ತು ಎತ್ತುಗಳು ಕಾಯುತ್ತಾ ನಿಂತಿದ್ದವು. ಅವರ ಹೆಂಡಿರೆಲ್ಲ ಬರುವಷ್ಟು ಹೊತ್ತು ಧೂಮಾಕ್ಷ ಕೊಡುತ್ತಾನೆಯೇ? ಬಾಗಿಲಲ್ಲಿ ಅವನು ಬಾಯಿ ತೆರೆಯುತ್ತಿದ್ದ.

ಸಂಕವ್ವ ಕೈ ಮುಗಿದಳು. "ಒಡೆಯಾ, ನಿಮ್ಮ ಮುಂದೆ ನಾನೆಷ್ಟರವಳು? ನೀವು ನಾಡಿಗೆ ದೀಪದ ಹಾಗೆ."

ಧೂಮಾಕ್ಷನ ಮುಖ ಕೆಂಪಾಯಿತು. ದೊಡ್ಡವರಿಗೆ 'ಹಾಗೆ' ಸಾಲುವುದಿಲ್ಲ.

"ಹಾಗೆ ಅಂತೆ! ಹಾಗೆ ಏನು ಬಂತು? ಈ ನಾಡಿನ ದೀಪ ನಾನೇ" ಎಂದ.

ಅವನು ನಿಂತಿದ್ದ ಹೊಸ್ತಿಲ ಮೇಲೆ ಈಗ ಒಂದು ಗಿಡ್ಡ ಮಣ್ಣಿನ ದೀಪ ಉರಿಯುತ್ತಿತ್ತು. ಸಂಕವ್ವ ಬಗ್ಗಿ ಊದಿದಳು.

ಕೊಟ್ಟಿಗೆ ತುಂಬ ಮನುಷ್ಯರು ಎದ್ದು ನಿಂತರು. ಅಂದೇ ರಾಜನನ್ನು ಎಬ್ಬಿಸಿ ಗಂಜಿ ಕೇಳಿದರು, ಪಡೆದರು. ಮಣಿಕೋಟೆಯಲ್ಲಿ ಆಮೇಲೆ ಯಾರೂ ಹಸಿದು ಮಲಗಲಿಲ್ಲ.

ದಾರಿಯಲ್ಲಿ ಬರಮ ಹೆಂಡತಿಯ ಕೈ ಹಿಡಿದು, "ನೀನು ನನ್ನ ಕಣ್ಣು" ಎಂದ. ಸಂಕವ್ವ ಗಾಬರಿಯಾಗಿ ತನ್ನ ಕೈಕಾಲು ಮುಟ್ಟಿ ನೋಡಿಕೊಂಡಳು. ಎಲ್ಲ ಇದ್ದಲ್ಲೇ ಇದ್ದವು. ಪ್ರೀತಿಯಿಂದ ಹೇಳಿದರೆ 'ಹಾಗೆ' ಇಲ್ಲದ ಮಾತಿಗೂ ಹೆದರಬೇಕಿಲ್ಲ ಅಂದುಕೊಂಡು, "ಬೆಲ್ಲ ಎಲ್ಲಿ?" ಎಂದು ಕೇಳಿದಳು.