ಲೈವ್‌ನಲ್ಲಿ ಮುರಿದ ಸ್ಟೂಲು

ಬಡಗಿಯ ಹೆಂಡತಿ ಗೋಣಿಚೀಲವೊಂದನ್ನು ಎದೆಗವಚಿಕೊಂಡು ಬಂದಾಗ ನಾನು ದೊಡ್ಡಮ್ಮನ ಮನೆಯ ಸೋಫಾದಲ್ಲಿ ತೂಕಡಿಸುತ್ತಿದ್ದೆ. ಇಡೀ ದಿನ ಬಸ್ಸು ಓಡಿಸಿ ಬಂದವನಿಗೆ, ನನ್ನ ಮಕ್ಕಳು ಅಲ್ಲೇ ನೆಲದ ಮೇಲೆ ಕೂತು ಮನೆಪಾಠ ಬರೆಯುವಷ್ಟು ಹೊತ್ತು ಸಿಗುವ ನಿದ್ದೆಯೇ ಆಸ್ತಿ. ದೊಡ್ಡಮ್ಮ ನನಗೆ ರಕ್ತಸಂಬಂಧಿಯಲ್ಲ. ಇಡೀ ಕಟ್ಟಡಕ್ಕೇ ಅವರು ದೊಡ್ಡಮ್ಮ. ಮುರಿದದ್ದು, ಸುಟ್ಟದ್ದು, ಒಡೆದದ್ದನ್ನು ನೋಡಿ ನಿಜವೋ ನಾಟಕವೋ ಹೇಳುವ ಕೆಲಸವನ್ನು ವಿಮಾ ಕಂಪನಿಯೊಂದರಲ್ಲಿ ಮಾಡಿ ನಿವೃತ್ತರಾದವರು. ಈಗ ಬೀದಿಯಲ್ಲಿ ಏನೇ ಎಡವಟ್ಟಾದರೂ ಜನ ಮೊದಲು ತಟ್ಟುವುದು ಅವರ ಬಾಗಿಲನ್ನೇ. ಅವರ ಕೈಚೀಲ ಹಿಡಿದು ಹಿಂದೆ ತಿರುಗುವವನು ನಾನು.

ಗೋಣಿಚೀಲದಿಂದ ಮೂರೇ ಕಾಲಿನ ಕೆಂಪು ಮರದ ಸ್ಟೂಲೊಂದು ಹೊರಬಂತು. ಹಿಂದೆಯೇ ಅದರ ಮುರಿದ ನಾಲ್ಕನೆಯ ಕಾಲು.

"ಇದನ್ನ ಒಲೆಗೆ ಹಾಕು ಅಂದಿದಾರೆ ನಮ್ಮನೆಯವರು, ದೊಡ್ಡಮ್ಮ. ನಂಗೆ ಕೈ ಬರ್ಲಿಲ್ಲ," ಎಂದಳು.

ಕತೆ ಬೀದಿಗೆಲ್ಲ ಗೊತ್ತಿದ್ದದ್ದೇ. ಪೀಠೋಪಕರಣದ ಕಾರ್ಖಾನೆ ಬಿಟ್ಟ ಬಡಗಿ ಮನೆಯ ಕಾರು ಶೆಡ್ಡನ್ನೇ ಕಾರ್ಯಾಗಾರ ಮಾಡಿಕೊಂಡಿದ್ದ. ಅಲ್ಲಿ ಮಾಡುವ ಕೆಲಸವನ್ನು ಲೈವ್ ತೋರಿಸುವ ಉಪಾಯ ಅವನ ತಮ್ಮನದು. ಕ್ಯಾಮೆರಾ ಹಿಡಿಯುವವನು, ನೋಡುಗರ ಪ್ರಶ್ನೆಗಳನ್ನು ಓದಿ ಹೇಳುವವನು ಎಲ್ಲವೂ ತಮ್ಮನೇ. ಹಿಂದಿನ ವಾರ ಬಡಗಿ ಮೊಳೆಯಿಲ್ಲದೆ, ಅಂಟಿಲ್ಲದೆ, ಬರೀ ಮರದಲ್ಲಿ ಮರ ಸಿಗಿಸುವ ಕಚ್ಚು ಕೂಡಿಸಿ ಮಾಡಿದ ಸ್ಟೂಲನ್ನು ತೋರಿಸಿದ. ಅವನ ಅತ್ತೆ, ಹೆಂಡತಿಯ ತಾಯಿ, ಅದರ ಮೇಲೆ ಕೂತರು. ಕಾಲು ಮುರಿಯಿತು, ಅತ್ತೆಯ ಮಣಿಕಟ್ಟೂ ಮುರಿಯಿತು. ಲೋಕವೆಲ್ಲ ನೋಡಿತು.

ಅಂದಿನಿಂದ ಬಡಗಿ ಕೆಲಸ ಮಾಡಿರಲಿಲ್ಲ. ಉಳಿ ಮುಟ್ಟಿದರೆ ಕೈ ನಡುಗುತ್ತಿತ್ತು. ನನ್ನ ಕೈ ಕೆಟ್ಟುಹೋಯಿತು, ಮತ್ತೆ ಕಾರ್ಖಾನೆಗೇ ಹೋಗಿ ಹಲಗೆ ಹೊರುತ್ತೇನೆ ಎನ್ನುತ್ತಿದ್ದನಂತೆ. ಉಪಕರಣ ಕೊಳ್ಳಲು ಮರುದಿನವೇ ಒಬ್ಬ ಬರುವವನಿದ್ದ.

ದೊಡ್ಡಮ್ಮ ಕನ್ನಡಕ ಏರಿಸಿ ಮುರಿದ ತುದಿಯನ್ನು ದೀಪಕ್ಕೆ ಹಿಡಿದರು.

"ಏನಯ್ಯಾ, ನಿಂಗೇನು ಕಾಣುತ್ತೆ?"

ಮುರಿದ ಮರ ಎಂದೆ.

"ಅರ್ಧ ಮುರಿದಿದೆ. ಇನ್ನರ್ಧ ಕುಯ್ದಿದೆ."

ಕಣ್ಣು ಹತ್ತಿರ ಒಯ್ದರೆ ನನಗೂ ಕಂಡಿತು. ಒಂದು ಭಾಗದಲ್ಲಿ ನಾರು ಸಿಗಿದುಕೊಂಡು ನಿಂತಿತ್ತು. ಇನ್ನೊಂದು ಭಾಗ ನುಣುಪಾಗಿತ್ತು, ಮೇಲೆ ಗರಗಸದ ಸಣ್ಣ ಗೀರು. ಅಂಚಿನಲ್ಲಿ ಮೇಣ ಮತ್ತು ಮರದ ಹುಡಿ ಕಲಸಿ ಮೆತ್ತಿದ ಗುರುತು. ನಾಚಿಕೆಯಿಂದ ಬಡಗಿ ಇದನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ನಾವು ಶೆಡ್ಡಿಗೆ ಹೋದೆವು. ಕಿಟಕಿಯ ಬಳಿ ಕೆಲಸದ ಮೇಜು, ಗೋಡೆಯ ಮೇಲೆ ಸಾಲಾಗಿ ಉಳಿ, ಕೀಸುಳಿ, ಗರಗಸ. ಸದ್ದು ಪ್ರತಿಧ್ವನಿಸದಿರಲೆಂದು ಎದುರು ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದರು. ಎರಡು ದೀಪಗಳ ನಡುವೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಅದಕ್ಕೊಂದು ಬಿಳಿ ಬಟ್ಟೆಯ ಹೊದಿಕೆ.

ಶೆಡ್ಡಿನ ಬೀಗದ ಕೈ ಎರಡು. ಒಂದು ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು; ಇನ್ನೊಂದು ಮಹಡಿಯ ಬಾಡಿಗೆದಾರ ಸಂಗೀತದ ಮೇಷ್ಟ್ರ ಹತ್ತಿರ, ನೀರಿನ ಪಂಪಿನ ಸ್ವಿಚ್ಚು ಶೆಡ್ಡಿನಲ್ಲಿದ್ದ ಕಾರಣ. ಯಂತ್ರದ ಗದ್ದಲಕ್ಕೆ ಶಿಷ್ಯರ ಶ್ರುತಿ ಕೆಡುತ್ತದೆಂದು ಜಗಳವಾಡಿ, ಒಮ್ಮೆ ಲೈವ್ ನಡುವೆಯೇ ಕರೆಂಟು ತೆಗೆದಿದ್ದ ಮಹಾನುಭಾವರು ಅವರು. ನನ್ನ ಮಟ್ಟಿಗೆ ಕಳ್ಳ ಸಿಕ್ಕಿಬಿದ್ದಿದ್ದ.

ದೊಡ್ಡಮ್ಮ ಮಾತ್ರ ಕ್ಯಾಮೆರಾದ ಹೊದಿಕೆಯನ್ನು ತಿರುವಿ ತಿರುವಿ ನೋಡುತ್ತಿದ್ದರು. ಹೊಲಿಗೆಯ ಸಂದಿಯಲ್ಲಿ ಕೆಂಪು ಹುಡಿ ಇತ್ತು. ಇದನ್ನು ಒಗೆದದ್ದು ಯಾವಾಗ ಎಂದು ಕೇಳಿದರು. ಲೈವ್‌ನ ಹಿಂದಿನ ದಿನ ಒಗೆದು, ಸಂಜೆ ಮಡಿಸಿ ಮನೆಯೊಳಗಿನ ಕಪಾಟಿನ ಮೇಲಿಟ್ಟೆ ಎಂದಳು ಬಡಗಿಯ ಹೆಂಡತಿ. ಬೆಳಿಗ್ಗೆ ಗುಡಿಸಲು ಬಂದಾಗ ಅದು ಕ್ಯಾಮೆರಾದ ಮೇಲಿತ್ತಂತೆ, ಮೇಲೆಲ್ಲ ಕೆಂಪು ಹುಡಿ. ಯಜಮಾನರು ಏನೋ ಕೆಲಸ ಮಾಡಿರಬೇಕೆಂದು ಕೊಡವಿದಳಂತೆ.

ಬಾಗಿಲಲ್ಲಿ ನಿಂತಿದ್ದ ಬಡಗಿ ಇಲ್ಲವೆಂದು ತಲೆಯಾಡಿಸಿದ. ಸ್ಟೂಲಿಗೆ ಆಗಲೇ ಎಣ್ಣೆ ಹಚ್ಚಿಯಾಗಿತ್ತು; ಎಣ್ಣೆ ಆರುವವರೆಗೆ ಶೆಡ್ಡಿನಲ್ಲಿ ಉಪ್ಪುಕಾಗದವನ್ನೂ ಉಜ್ಜುವುದಿಲ್ಲ, ಹುಡಿ ಹಾರಿ ಕೂತರೆ ಮೈ ಒರಟಾಗುತ್ತದೆ ಎಂದ. ಮನೆಯವರಿಗೆಲ್ಲ ಆ ನಿಯಮ ಗೊತ್ತು.

ದೊಡ್ಡಮ್ಮ ಆಮೇಲೆ ಆ ಲೈವ್‌ನ ವಿಡಿಯೋವನ್ನು ನನ್ನ ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿಸಿದರು. ಸಂಜೆ ಎಲ್ಲರನ್ನೂ ಶೆಡ್ಡಿಗೆ ಕರೆಸಿದರು. ಉಪಕರಣ ಕೊಳ್ಳಲು ಬಂದವನನ್ನು ನಾನೇ ಹೊರಗೆ ತಡೆದು ಕೂರಿಸಿದ್ದೆ.

ಕೈಗೆ ಪ್ಲಾಸ್ಟರು ಹಾಕಿಕೊಂಡ ಅತ್ತೆ ಕುರ್ಚಿಯಲ್ಲಿ, ಗಂಡ ಹೆಂಡತಿ ಮೇಜಿನ ಪಕ್ಕ, ಮೇಷ್ಟ್ರು ಬಾಗಿಲಲ್ಲಿ. ಬಡಗಿಯ ತಮ್ಮ ಅಭ್ಯಾಸಬಲದಿಂದ ಕ್ಯಾಮೆರಾ ಸ್ಟ್ಯಾಂಡಿನ ಹಿಂದೆ ನಿಂತಿದ್ದ.

ದೊಡ್ಡಮ್ಮ ಮುರಿದ ಕಾಲನ್ನು ಬಡಗಿಯ ಕೈಗಿಟ್ಟು ನೋಡಲು ಹೇಳಿದರು. ಅವನು ಬೆರಳಿನಿಂದ ಸವರಿದ, ನಿಂತ, ಮತ್ತೆ ಸವರಿದ. ಮುಖದ ಬಣ್ಣವೇ ಬದಲಾಯಿತು.

"ನಿನ್ನ ಕಚ್ಚು ಇನ್ನೂ ಗಟ್ಟಿಯಾಗಿದೆ ಕಣಪ್ಪ. ನಿನ್ನ ಕೈಯಲ್ಲೇನೂ ತಪ್ಪಿಲ್ಲ," ಎಂದರು ದೊಡ್ಡಮ್ಮ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಎಲ್ಲರೂ ತನ್ನನ್ನೇ ಯಾಕೆ ನೋಡುತ್ತಿದ್ದೀರಿ ಎಂದರು. ದೊಡ್ಡಮ್ಮ ನಕ್ಕರು.

"ಇವರು ಬಂದಿದ್ರೆ ಮೊದಲು ಆ ಕ್ಯಾಮೆರಾನೇ ಒಡೀತಿದ್ರು. ಕುಯ್ದವನು ಕುಯ್ಯೋಕೆ ಮೊದಲು ಕಪಾಟಿಂದ ಹೊದಿಕೆ ತಂದು, ಕ್ಯಾಮೆರಾಗೆ ಹುಡಿ ತಾಗದ ಹಾಗೆ ಹೊದಿಸಿದಾನೆ. ಸ್ಟೂಲಿಗಿಲ್ಲದ ಕರುಣೆ ಕ್ಯಾಮೆರಾಗೆ."

ಅದೇ ಅಭ್ಯಾಸ ಕೈಕೊಟ್ಟಿತು ಎಂದು ವಿವರಿಸಿದರು. ಆ ರಾತ್ರಿ ಶೆಡ್ಡಿನಲ್ಲಿ ಕೆಂಪು ಹುಡಿ ಎದ್ದದ್ದು ಒಂದೇ ಕೆಲಸಕ್ಕೆ. ಬಡಗಿಯ ಹೆಂಡತಿಗೂ ಹೊದಿಕೆ ಇರುವ ಜಾಗ ಗೊತ್ತು, ಆದರೆ ಅವಳು ಕುಯ್ದಿದ್ದರೆ ಒಲೆಗೆ ಹಾಕೆಂದದ್ದನ್ನು ಎತ್ತಿಕೊಂಡು ಬರುತ್ತಿರಲಿಲ್ಲ. ಆಮೇಲೆ ನನ್ನ ಮೊಬೈಲನ್ನು ಎಲ್ಲರಿಗೂ ಕಾಣುವಂತೆ ಹಿಡಿಸಿದರು. ಪ್ರತಿ ಲೈವ್‌ನಲ್ಲೂ ಕ್ಯಾಮೆರಾ ಬಡಗಿಯ ಕೈ ಮೇಲೆ, ಇಲ್ಲವೇ ಮಾತಾಡುವವರ ಮುಖದ ಮೇಲೆ. ಅಂದು ಮಾತ್ರ, ಅತ್ತೆ ನಗುತ್ತಾ ಕೂರಲು ಬಾಗುವ ಹೊತ್ತಿಗೆ, ಅದು ಮುಖ ಬಿಟ್ಟು ಕೆಳಗಿಳಿದು ಸ್ಟೂಲಿನ ಹಿಂದಿನ ಎಡಗಾಲಿನ ಮೇಲೆ ನಿಂತಿತ್ತು. ಮುರಿಯುವ ಮೊದಲೇ. ಕ್ಯಾಮೆರಾದ ಹಿಂದಿನಿಂದ ಒಂದು ದನಿಯೂ ಕೇಳುತ್ತಿತ್ತು: "ಅಮ್ಮಾ, ನೀವು ಬೇಡ. ಅಣ್ಣನೇ ಹತ್ತಲಿ."

ತಮ್ಮ ಸ್ಟ್ಯಾಂಡಿನ ಹಿಂದಿನಿಂದ ಈಚೆ ಬಂದ.

"ಅಣ್ಣನೇ ಹತ್ತೋದು ಅಂತ ಮಾತಾಗಿತ್ತು," ಎಂದ. "ಬಿದ್ರೆ ಒಂದು ನಗು, ಅಷ್ಟೇ ಅಂದ್ಕೊಂಡಿದ್ದೆ. ಕೆಲ್ಸ ತೋರಿಸಿದ್ರೆ ಯಾರು ನೋಡ್ತಾರೆ ಅತ್ತಿಗೆ? ಜನ ಕಮ್ಮಿ ಆಗ್ತಾ ಇದ್ರು. ಬಿದ್ದಿದ್ದನ್ನ ಎಷ್ಟು ಜನ ನೋಡಿದ್ರು ನೋಡಿ."

ಅತ್ತಿಗೆ ಮುಖ ತಿರುಗಿಸಿದಳು. ಅತ್ತೆ ಕೈಯ ಪ್ಲಾಸ್ಟರು ನೋಡಿಕೊಂಡು, ನನ್ನ ಕೈ ಹೋದ್ರೆ ಹೋಗ್ಲಿ, ಮನೆ ಮಗ ಅಂತ ಬಡಿಸಿದ್ದೆ ಎಂದು ಗೊಣಗಿದರು.

ಬಡಗಿ ಮುರಿದ ಕಾಲನ್ನು ಮೇಜಿನ ಮೇಲಿಟ್ಟ. ಮಾತಾಡಿದಾಗ ದನಿ ಏರಲಿಲ್ಲ.

"ಕಾಲು ಕುಯ್ದಿದ್ದು ಹುಡುಗಾಟ ಅಂತಾನೇ ಇಟ್ಕೊಳ್ಳೋಣ. ಆದ್ರೆ ಇಷ್ಟು ದಿನ ನನ್ನ ಕೈ ನಡುಗೋದನ್ನ ನೋಡ್ತಾ, ಎದುರಿಗೆ ಕೂತು ಊಟ ಮಾಡಿದ್ಯಲ್ಲೋ. ಒಂದು ತುತ್ತೂ ಗಂಟಲಲ್ಲಿ ಸಿಕ್ಕೊಳ್ಳಲಿಲ್ವಾ?"

ತಮ್ಮ, ಹೇಳಬೇಕೆಂದೇ ಇದ್ದೆ ಎಂದ. ಹೇಳಿದರೆ ಚಾನೆಲ್ ಮುಗಿಯುತ್ತಿತ್ತು ಎಂದ. ಆಮೇಲೆ, ಕ್ಯಾಮೆರಾ ತನ್ನದು, ಒಯ್ಯಲೇ ಎಂದು ಕೇಳಿದ.

"ತಗೊಂಡ್ಹೋಗು," ಎಂದ ಅಣ್ಣ.

ತಮ್ಮ ಕ್ಯಾಮೆರಾ ಬಿಚ್ಚಿ, ಹೊದಿಕೆಯಲ್ಲಿ ಸುತ್ತಿಕೊಂಡು ಹೊರಟ. ಯಾರೂ ತಡೆಯಲಿಲ್ಲ. ಹೊರಗೆ ಕಾದಿದ್ದ ಗಿರಾಕಿಗೆ, ಮಾರಾಟವಿಲ್ಲ, ಹೋಗಿ ಬನ್ನಿ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮನೆಗೆ ನಡೆಯುವಾಗ ದೊಡ್ಡಮ್ಮ ಕೈಚೀಲವನ್ನು ತಾವೇ ಹಿಡಿದುಕೊಂಡರು. ಪತ್ತೆ ಮಾಡಿದ್ದಕ್ಕೆ ಅವರು ಬೀಗದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಮುಂದಿನ ವಾರ ಬಡಗಿ ಹೆಂಡತಿಯ ಮೊಬೈಲನ್ನು ಅಂಟಿನ ಡಬ್ಬಕ್ಕೆ ಆನಿಸಿಟ್ಟು ಒಬ್ಬನೇ ಲೈವ್ ಬಂದ. ಮಕ್ಕಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಾ ನಾನು ನೋಡುತ್ತಿದ್ದೆ. ಚೌಕಟ್ಟು ಸೊಟ್ಟಗಿತ್ತು, ಅವನ ತಲೆ ಅರ್ಧವೇ ಕಾಣುತ್ತಿತ್ತು. ಕೈ ಮಾತ್ರ ನಡುಗುತ್ತಿರಲಿಲ್ಲ. ನಡುವೆ ಕೆಲಸ ನಿಲ್ಲಿಸಿ, ಪರದೆಗೆ ಬಾಗಿ, ಬಂದ ಪ್ರಶ್ನೆಯೊಂದನ್ನು ಅಕ್ಷರ ಕೂಡಿಸುವವನಂತೆ ನಿಧಾನವಾಗಿ ಓದಿದ: "ನಿಮ್ಮ ತಮ್ಮ ಎಲ್ಲಿ?"

ಮತ್ತೆ ಕೀಸುಳಿ ಎತ್ತಿಕೊಂಡ. ಆಮೇಲೆ ಲೈವ್ ಮುಗಿಯುವವರೆಗೂ ಪರದೆಯ ಕಡೆ ತಿರುಗಲಿಲ್ಲ.