ಹೂವಿಲ್ಲದ ಚೀಟಿ

ಮೂರನೇ ಮಹಡಿಯ ವಾರ್ಡಿನಿಂದ ಬರುವ ಪ್ರತಿಯೊಂದು ಔಷಧದ ಕೋರಿಕೆಯ ತುದಿಗೂ ಒಂದು ಪುಟ್ಟ ಹೂವಿನ ಚಿಹ್ನೆ ಅಂಟಿಕೊಂಡಿರುತ್ತಿತ್ತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತ, ಆ ಕೋರಿಕೆಗಳನ್ನು ಚೀಟಿಗಳಾಗಿ ಮುದ್ರಿಸಿ ವಾರ್ಡುಗಳಿಗೆ ಮರಳಿ ಕಳಿಸುತ್ತಿದ್ದ ಅವಳಿಗೆ ಅದು ಯಾರ ಕೈಚಳಕವೆಂದು ತಿಳಿದಿತ್ತು. ಸದ್ದಿಲ್ಲದೆ ಓಡಾಡುವುದರಿಂದ ಎಲ್ಲರೂ 'ಬೆಕ್ಕು' ಎಂದೇ ಕರೆಯುತ್ತಿದ್ದ ಆ ಗಂಡು ನರ್ಸಿನದು.

"ಔಷಧಕ್ಕೆ ಹೂವು ಯಾಕ್ರೀ?" ಎಂದು ಒಮ್ಮೆ ಕ್ಯಾಂಟೀನಿನಲ್ಲಿ ಕೇಳಿದ್ದಳು.

"ಔಷಧಕ್ಕಲ್ಲ ಮೇಡಂ, ಚೀಟಿ ಕಳಿಸೋರಿಗೆ." ಟೀ ಲೋಟದ ಅಂಚಿನಿಂದ ಅವನ ಕಣ್ಣು ಮೆಲ್ಲನೆ ಮೇಲೆದ್ದಿತ್ತು. "ಬೇಡ ಅನ್ನಿಸಿದ ದಿನ ಅಳಿಸಿಬಿಡಿ. ಆಮೇಲೆ ಕಾಟ ಕೊಡಲ್ಲ."

ಅವಳು ಅಳಿಸಿರಲಿಲ್ಲ. ಆದರೆ ಇಂದು ಬೆಳಿಗ್ಗೆ ಮೇಲಧಿಕಾರಿ, "ಏನಮ್ಮಾ ಇದು, ಚೀಟಿ ತುಂಬಾ ಕಸ! ತೆಗಿ ಎಲ್ಲಾ" ಎಂದು ಗದರಿದಾಗ, ಅವಸರದಲ್ಲಿ ಜಾವಾಸ್ಕ್ರಿಪ್ಟಿನ ಒಂದೇ ಸಾಲು ಬರೆದಳು:

slip.replace(/[^a-z0-9 ]/gi, "")

ಅಕ್ಷರ, ಅಂಕಿ, ಖಾಲಿ ಜಾಗ ಬಿಟ್ಟು ಉಳಿದದ್ದೆಲ್ಲವನ್ನೂ ಕಂಡಕಂಡಲ್ಲಿ ಅಳಿಸು, ಎಂಬ ಆಜ್ಞೆ. ಜೊತೆಗೆ ಹೂವೂ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಸಂಜೆ ಅವನಿಗೆ ಹೇಳಿದರಾಯಿತು ಎಂದುಕೊಂಡಳು.

ಮಧ್ಯಾಹ್ನ ಚೀಟಿಗಳ ನಕಲನ್ನು ತಿರುವುತ್ತಿದ್ದವಳ ಬೆರಳು ತಟ್ಟನೆ ನಿಂತಿತು. ಮೂರನೇ ಮಹಡಿ, ಹನ್ನೊಂದನೇ ಹಾಸಿಗೆಯ ಅಜ್ಜಿಗೆ ಇಂಜೆಕ್ಷನ್, ಇಪ್ಪತ್ತೈದು ಮಿಲಿಗ್ರಾಂ. ಡಾಕ್ಟರ್ ಬರೆದದ್ದನ್ನು ತೆರೆದಳು: 2.5.

ಬಿಂದು ಅಕ್ಷರವೂ ಅಲ್ಲ, ಅಂಕಿಯೂ ಅಲ್ಲ. ಹೂವಿನ ಹಿಂದೆಯೇ ಅದೂ ಹೋಗಿತ್ತು. ನಕಲುಗಳಲ್ಲಿ ಅಂಥ ಚೀಟಿ ಇನ್ನೊಂದಿತ್ತು.

ಪ್ರಿಂಟರನ್ನು ನಿಲ್ಲಿಸಿ ಫೋನೆತ್ತಿದಳು. ಎರಡೂ ವಾರ್ಡುಗಳಲ್ಲಿ ಯಾರೂ ಎತ್ತಲಿಲ್ಲ. ಲಿಫ್ಟ್ ಬರಲಿಲ್ಲ, ಮೆಟ್ಟಿಲು ಹತ್ತಿ ಓಡಿದಳು. ಮೆಟ್ಟಿಲ ತಿರುವಿನಲ್ಲಿ ಅವನು ಚೀಟಿ ಹಿಡಿದು ಕೆಳಗಿಳಿಯುತ್ತಿದ್ದ, ಮುಖ ಬಾಡಿತ್ತು.

"ಇಂಜೆಕ್ಷನ್ ಕೊಟ್ರಾ?"

ಅವನು ಚೀಟಿಯನ್ನು ಅವಳ ಮುಂದೆ ಹಿಡಿದ.

"ಕೊಡಬೇಕಿತ್ತು. ಹೂವಿಲ್ಲದ್ದು ನೋಡಿ ಕೈಯೇ ಬರಲಿಲ್ಲ. ನಾನು ಬೇಡ ಅನ್ನೋದನ್ನ ನಿಮ್ಮ ಬಾಯಿಂದಲೇ ಕೇಳ್ಕೊಂಡು, ಆಮೇಲೆ ಹೋಗಿ ಕೊಡೋಣ ಅಂತ..."

"ಬೇಕು ಕಣೋ!" ಅವಳು ಅಳತೊಡಗಿದಳು. "ನೀನೂ ಬೇಕು, ನಿನ್ನ ಹೂವೂ ಬೇಕು. ಅದು ಎರಡೂವರೆ, ಇಪ್ಪತ್ತೈದಲ್ಲ. ತಪ್ಪು ನಂದು. ಬಿಂದು ಹೋದ ಇನ್ನೊಂದು ಚೀಟಿ ನಾಲ್ಕನೇ ಮಹಡಿಗೆ ಹೋಗಿದೆ."

ಅವನು ತಟ್ಟನೆ ಅವಳ ಕೈ ಹಿಡಿದ. "ನಡಿ. ಏನೇ ಆಗಿದ್ರೂ ಒಟ್ಟಿಗೇ ಹೇಳೋಣ."

ಅವರು ಓಡುತ್ತಿದ್ದಂತೆ, ನಾಲ್ಕನೇ ಮಹಡಿಯ ತುರ್ತು ಗಂಟೆ ಹೊಡೆದುಕೊಳ್ಳತೊಡಗಿತು. ಇಬ್ಬರೂ ಕೈ ಬಿಡಲಿಲ್ಲ.